ಕಾನು ಅನ್ನಿ

ಹೊಸಕೆರೆಹಳ್ಳಿಯ ದರ್ಶಿನಿಯೊಂದರಲ್ಲಿ ಕಾಫಿ ಲೋಟ ಹಿಡಿದು ನಿಂತ ಹುಡುಗ ಗೆಳೆಯನಿಗೆ ಹೇಳುತ್ತಿದ್ದ: "ಮಳೆ ಬಿದ್ಮೇಲೆ ತುರಹಳ್ಳಿಗೆ ಹೋಗ್ಬೇಕು ಮಗಾ, ಪಕ್ಕಾ ರೇನ್‌ಫಾರೆಸ್ಟು!" ತುರಹಳ್ಳಿಯ ಮೇಲೆ ನನಗೂ ಪ್ರೀತಿಯಿದೆ. ಆದರೆ ಅದು ಬಂಡೆ, ಜಾಲಿ, ನೀಲಗಿರಿ, ಮುಳ್ಳುಪೊದೆಗಳ ಕುರುಚಲು ಕಾಡು. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸಾವಿರ ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ಏಳು ಸಾವಿರ ದಾಟುತ್ತದೆ. ಹಸಿರು ಕಂಡಲ್ಲೆಲ್ಲ ರೇನ್‌ಫಾರೆಸ್ಟ್ ಅನ್ನುವ ಚಾಳಿ ಈಚೆಗೆ ವಿಪರೀತವಾಗಿದೆ. ರೆಸಾರ್ಟಿಗೂ ಅದೇ ಹೆಸರು, ಶಾಂಪೂವಿಗೂ ಅದೇ.

ಕನ್ನಡದಲ್ಲಿ ಹೇಳಿ ಅಂದರೆ 'ನಿತ್ಯಹರಿದ್ವರ್ಣ' ಎಂಬ ಪಠ್ಯಪುಸ್ತಕದ ಪದ ಬರುತ್ತದೆ. ಮಕ್ಕಳು ಪರೀಕ್ಷೆಗೆ ಉರುಹೊಡೆದು ಮರೆಯುತ್ತಾರೆ. ಪತ್ರಿಕೆಯವರ 'ಮಳೆಕಾಡು' ಇಂಗ್ಲಿಷಿನ ನೆರಳು. ಸೊರಬ, ಸಾಗರ, ಸಿದ್ದಾಪುರ, ಶಿರಸಿಯ ಜನರ ಬಾಯಲ್ಲಿ ಇಂಥ ಕಾಡಿಗೆ ಮೊದಲಿನಿಂದ ಇರುವ ಹೆಸರು ಕಾನು. 1868ರಲ್ಲೇ ಬ್ರಿಟಿಷ್ ಆಡಳಿತದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಸೊರಬದ ಕಾನುಗಳ ಬಗ್ಗೆ ಸರ್ಕಾರಕ್ಕೆ ವರದಿ ಬರೆದರು. ಆ ಒಂದು ತಾಲ್ಲೂಕಿನಲ್ಲೇ 171 ಕಾನುಗಳ ಲೆಕ್ಕ ಕೊಟ್ಟರು. ಜರ್ಮನಿಯ ಸಸ್ಯವಿಜ್ಞಾನಿ ಶಿಂಪರ್ 'ರೇನ್‌ಫಾರೆಸ್ಟ್' ಎಂಬುದರ ಜರ್ಮನ್ ರೂಪವನ್ನು ಬಳಕೆಗೆ ತಂದದ್ದು 1898ರಲ್ಲಿ. ನಮ್ಮ ಪದ ಅದಕ್ಕೂ ಮೂವತ್ತು ವರ್ಷ ಮುಂಚೆ ಕಡತ ಸೇರಿತ್ತು.

ನನ್ನದೊಂದು ವಾದವಿದೆ, ನಿಘಂಟಿನವರು ಒಪ್ಪದಿದ್ದರೂ ಬಿಡಲಾರೆ. ಮಲೆನಾಡಿನವರು ಕಾಡಿಗೆ ಹೆಸರಿಟ್ಟದ್ದು ಕತ್ತಿಯ ಲೆಕ್ಕದಲ್ಲಿ. ಹುಲ್ಲು ಕೊಯ್ಯುವಲ್ಲಿ ಬೇಣ, ಅಡಿಕೆ ತೋಟಕ್ಕೆ ಸೊಪ್ಪು ಕಡಿಯುವಲ್ಲಿ ಸೊಪ್ಪಿನಬೆಟ್ಟ, ಕತ್ತಿ ಸೊಂಟದಲ್ಲೇ ಉಳಿಯಬೇಕಾದಲ್ಲಿ ಕಾನು. ಅಲ್ಲಿ ಕಾಳುಮೆಣಸು, ಉಪ್ಪಾಗೆ, ಜೇನು ತರಬಹುದಿತ್ತು. ಮರ ಮಾತ್ರ ದೇವರ ಪಾಲು, ಏಕೆಂದರೆ ಕೆಳಗಿನ ತೋಟಕ್ಕೆ ಬೇಸಿಗೆಯ ನೀರು ಬರುತ್ತಿದ್ದುದು ಆ ಮರಗಳ ಬುಡದಿಂದ.

'ಮಳೆ ನಿಂತರೂ ಮರದ ಹನಿ ನಿಲ್ಲದು' ಎಂಬ ಗಾದೆಯನ್ನು ನಾವು ಈಗ ಕೋರ್ಟು ಕಚೇರಿಯ ವ್ಯಾಜ್ಯಕ್ಕೆ, ಮದುವೆ ಮುಗಿದ ಮೇಲಿನ ಸಾಲಕ್ಕೆ ಬಳಸುತ್ತೇವೆ. ಕಿರಿಕಿರಿಯ ಗಾದೆಯಾಗಿಬಿಟ್ಟಿದೆ ಪಾಪ. ಆದರೆ ಕಾನಿನ ಬಗ್ಗೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಓದಿಲ್ಲ. ಆಷಾಢದ ಜಡಿಮಳೆ ಎತ್ತರದ ಮರಗಳ ನೆತ್ತಿಗೆ ಬಡಿಯುತ್ತದೆ. ಅಲ್ಲಿಂದ ನಡುವಿನ ಮರಗಳಿಗೆ, ಆಮೇಲೆ ಗಿಡಗಳಿಗೆ, ಕೊನೆಗೆ ತರಗೆಲೆಗೆ ಇಳಿಯುತ್ತದೆ. ಅಲ್ಲಿನ ಎಷ್ಟೋ ಎಲೆಗಳ ತುದಿ ಚೂಪಾಗಿ ಬಾಗಿರುತ್ತದೆ, ನೀರು ನಿಲ್ಲದೆ ಜಾರಲಿ ಎಂದು. ಉಳಿದದ್ದು ತೊಗಟೆಯ ಗುಂಟ ಇಳಿಯುತ್ತದೆ. ಹೊರಗೆ ಬಿಸಿಲು ಬಂದು ಎಷ್ಟು ಹೊತ್ತಾದರೂ ಒಳಗೆ ತಟಪಟ ನಿಲ್ಲುವುದಿಲ್ಲ. ಆ ಹನಿಯನ್ನು ಕೊಳೆತ ಎಲೆಯ ಮಣ್ಣು ಕುಡಿದಿಟ್ಟುಕೊಂಡು, ಹಳ್ಳಕ್ಕೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಮಾರ್ಚಿನಲ್ಲಿ ಹರಿಯುವ ನೀರು ಹಿಂದಿನ ಶ್ರಾವಣದ್ದಿರಬಹುದು. ಗಾದೆ ಕಟ್ಟಿದವರು ಇಂಥ ಮರದ ಕೆಳಗೆ ಕಂಬಳಿಕೊಪ್ಪೆ ಹೊದ್ದು ನಿಂತಿದ್ದರೆಂದೇ ನನ್ನ ನಂಬಿಕೆ.

ಸಿದ್ದಾಪುರ ತಾಲ್ಲೂಕಿನಲ್ಲಿ ಕತ್ತಲೆಕಾನು ಇದೆ. ಒಳಗಿನ ಜೌಗಿನಲ್ಲಿ ಕಾಡುಜಾಯಿಕಾಯಿ ಜಾತಿಯ ಮರಗಳ ಬೇರು ಕೆಸರಿನಿಂದ ಮೇಲೆದ್ದು, ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತದೆ. ನೀರಲ್ಲಿ ಮುಳುಗಿದ ಬೇರಿಗೆ ಉಸಿರು ಬೇಕಲ್ಲ, ಅದಕ್ಕೆ. ಹಗಲೂ ಮಬ್ಬಾಗಿರುವ ಜಾಗಕ್ಕೆ ಕತ್ತಲೆಕಾನು ಎಂದು ಕರೆದವರ ಮುಂದೆ 'ನಿತ್ಯಹರಿದ್ವರ್ಣ' ಎಷ್ಟು ಬಡಕಲು!

ಪಠ್ಯಪುಸ್ತಕ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ: ಕಾಡಿನ ಪಾಠದಲ್ಲಿ ಕಾನು ಎಂಬ ಪದಕ್ಕೆ ಒಂದು ಸಾಲು ಕೊಡಿ. ಮಲೆನಾಡಿನಿಂದ ಬಂದು ಕತ್ರಿಗುಪ್ಪೆ, ಬನಶಂಕರಿಯ ಕಡೆ ನೆಲೆಸಿದ ಓದುಗರೇ, ನಿಮ್ಮೂರಿನ ಕಾನಿಗೆ ಹೆಸರಿದ್ದರೆ ಅದನ್ನು ಮಕ್ಕಳಿಗೆ ಹೇಳಿಕೊಡಿ, ನನಗೂ ಬರೆದು ಕಳಿಸಿ.