ಮಲೆನಾಡಿನ ಹೊತ್ತು ಮತ್ತು ಮಳೆಯ ನುಡಿಗಟ್ಟುಗಳು

ಮಲೆನಾಡಿನ ಹೊತ್ತು ಮತ್ತು ಮಳೆಯ ನುಡಿಗಟ್ಟುಗಳು ಎಂದರೆ ಕಾಲವನ್ನೂ ಹವಾಮಾನವನ್ನೂ ಸೂಚಿಸಲು ಮಲೆನಾಡಿನ ಜನರು ದಿನಬಳಕೆಯಲ್ಲಿ ಉಪಯೋಗಿಸುವ ಕನ್ನಡ ಮಾತುಗಳು. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ, ಶೆಟ್ಟಿಕೊಪ್ಪದಂತಹ ಊರುಗಳಲ್ಲಿ, ಭತ್ತ ಮತ್ತು ಅಡಿಕೆಯ ಕೆಲಸಗಳು ಮಳೆಯನ್ನು ಅವಲಂಬಿಸಿರುವುದರಿಂದ ಈ ಮಾತುಗಳು ಕೃಷಿ ಪಂಚಾಂಗದಂತೆಯೂ ಉಪಯೋಗವಾಗುತ್ತವೆ.

ಕಾಲ ಮತ್ತು ಹವಾಮಾನ

ಫ್ರೆಂಚ್ ಭಾಷೆಯಲ್ಲಿ 'ತಾಂ' ಎಂಬ ಒಂದೇ ಪದವು ಸಮಯ ಮತ್ತು ಹವಾಮಾನ ಎರಡನ್ನೂ ಸೂಚಿಸುತ್ತದೆ. ಕನ್ನಡದ 'ಕಾಲ' ಪದವು ಇದಕ್ಕೆ ಸಮೀಪವಾದುದು. ಸಮಯವನ್ನು ಹೇಳುವ ಈ ಪದವೇ ಮಳೆಗಾಲ, ಚಳಿಗಾಲ, ಬೇಸಿಗೆಕಾಲ ಎಂಬ ಋತುಸೂಚಕ ಪದಗಳಲ್ಲಿಯೂ ಇದೆ.

ಹೊತ್ತಿನ ಮಾತುಗಳು

'ಹೊತ್ತು' ಎಂಬುದಕ್ಕೆ ಸೂರ್ಯ ಮತ್ತು ಸಮಯ ಎಂಬ ಎರಡೂ ಅರ್ಥಗಳಿವೆ.

ಬೆಳಕು ಹರಿಯುವುದು: ಬೆಳಗಾಗುವುದು.
ಹೊತ್ತು ನೆತ್ತಿಗೇರುವುದು: ನಡುಮಧ್ಯಾಹ್ನವಾಗುವುದು.
ಹೊತ್ತು ಕಂತುವುದು: ಸೂರ್ಯ ಮುಳುಗುವುದು.
ಮೂರುಸಂಜೆ: ಹಗಲಿಗೂ ರಾತ್ರಿಗೂ ನಡುವಿನ ಹೊತ್ತು.
ಹೊತ್ತಾಯಿತು: ತಡವಾಯಿತು.

ಮಳೆಯ ಮಾತುಗಳು

ತುಂತುರು: ಸಣ್ಣ ಹನಿಗಳ ಮಳೆ.
ಸೋನೆ: ಬಿಡದೆ ಸುರಿಯುವ ತೆಳು ಮಳೆ.
ಜಡಿಮಳೆ: ದೀರ್ಘಕಾಲ ಜೋರಾಗಿ ಸುರಿಯುವ ಮಳೆ.
ಹೊಳವು: ಮಳೆಯ ನಡುವೆ ದೊರೆಯುವ ಬಿಡುವು. 'ಮಳೆ ಹೊಳವಾಯಿತು' ಎಂದರೆ ಮಳೆ ನಿಂತು ಬಾನು ತಿಳಿಯಾಯಿತು ಎಂದರ್ಥ.

ಮಳೆ ನಕ್ಷತ್ರಗಳು

ಸೂರ್ಯನು 27 ನಕ್ಷತ್ರಗಳಲ್ಲಿ ಪ್ರತಿಯೊಂದರಲ್ಲಿಯೂ 13ರಿಂದ 14 ದಿನ ಇರುತ್ತಾನೆ. ಆ ಅವಧಿಯಲ್ಲಿ ಬೀಳುವ ಮಳೆಗೆ ಅದೇ ನಕ್ಷತ್ರದ ಹೆಸರು ಸಲ್ಲುತ್ತದೆ. ಮೃಗಶಿರಾ ಮಳೆ ಜೂನ್ ಮೊದಲ ವಾರದ ಕೊನೆಗೆ, ಆರಿದ್ರಾ ಜೂನ್ 22ರ ಸುಮಾರಿಗೆ, ಪುನರ್ವಸು ಜುಲೈ ಮೊದಲ ವಾರದಲ್ಲಿ, ಪುಷ್ಯ ಜುಲೈ 20ರ ಸುಮಾರಿಗೆ ಆರಂಭವಾಗುತ್ತವೆ. ಇದು ಸೂರ್ಯನ ನಕ್ಷತ್ರವೇ ಹೊರತು ಪಂಚಾಂಗದಲ್ಲಿ ದಿನದಿನವೂ ಬದಲಾಗುವ ಚಂದ್ರನ ನಕ್ಷತ್ರವಲ್ಲ.

'ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ' ಎಂಬ ಗಾದೆಯು ಕರ್ನಾಟಕದ ಹಲವೆಡೆ ಬಳಕೆಯಲ್ಲಿದೆ. ಆರಿದ್ರಾ ಮಳೆ ಸುರಿದರೆ ಬೆಳೆ ಕೈಗೂಡುತ್ತದೆ, ಇಲ್ಲವಾದರೆ ಬಡತನ ಎಂಬುದು ಇದರ ತಾತ್ಪರ್ಯ. 'ಸ್ವಾತಿ ಮಳೆ ಮುತ್ತಿನ ಬೆಳೆ' ಎಂಬುದು ಅಕ್ಟೋಬರ್ ಕೊನೆಯ ವಾರದಲ್ಲಿ ಆರಂಭವಾಗುವ ಮಳೆಯ ಕುರಿತಾದುದು.

ಕೃಷಿಯಲ್ಲಿ ಬಳಕೆ

ಅಡಿಕೆಗೆ ತಗಲುವ ಕೊಳೆರೋಗವು ಎಡೆಬಿಡದ ಮಳೆಯಲ್ಲಿ ಹರಡುತ್ತದೆ. ಇದನ್ನು ತಡೆಯಲು ಮೈಲುತುತ್ತ ಮತ್ತು ಸುಣ್ಣದಿಂದ ತಯಾರಿಸಿದ ಶೇ. 1ರ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸಲಾಗುತ್ತದೆ. ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಲ್ಲಿ 19ನೆಯ ಶತಮಾನದಲ್ಲಿ ಬಳಕೆಗೆ ಬಂದುದರಿಂದ ಇದಕ್ಕೆ ಈ ಹೆಸರು. ಮೊದಲ ಸಿಂಪಡಣೆ ಮುಂಗಾರಿನ ಆರಂಭಕ್ಕೆ ಮುಗಿದರೂ, ಸುಮಾರು 40 ದಿನಗಳ ನಂತರದ ಎರಡನೆಯದು ಪುನರ್ವಸು, ಪುಷ್ಯ ಮಳೆಗಳ ನಡುವೆ ಬರುತ್ತದೆ. ಗೊನೆ ಒದ್ದೆಯಾಗಿದ್ದರೆ ಮದ್ದು ಅಂಟುವುದಿಲ್ಲವಾದ್ದರಿಂದ ರೈತರು ಹೊಳವಿಗಾಗಿ ಕಾಯುತ್ತಾರೆ. ಹೊಳವು ಸಿಗದೆ ಸಿಂಪಡಣೆ ತಪ್ಪಿದರೆ ಎಳೆಯ ಕಾಯಿಗಳು ಕೊಳೆತು ಉದುರಿ ವರ್ಷದ ಆದಾಯ ಕುಗ್ಗುತ್ತದೆ.

ನಕ್ಷತ್ರದ ಹೆಸರು ಅವಧಿಯನ್ನು ಮಾತ್ರ ತಿಳಿಸುತ್ತದೆ. ಮಳೆ ಬಂದೇ ಬರುವುದೆಂಬ ಮುನ್ಸೂಚನೆಯನ್ನು ನೀಡುವುದಿಲ್ಲ. ಹವಾಮಾನ ಇಲಾಖೆಯ ಮುನ್ಸೂಚನೆಗಳು ದೊರೆಯುವ ಇಂದಿನ ದಿನಗಳಲ್ಲಿಯೂ ಕೆಲಸದ ಕಾಲವನ್ನು ಗುರುತಿಸಲು ಈ ಹೆಸರುಗಳು ಬಳಕೆಯಲ್ಲಿವೆ.