ಸಣ್ಣ ಸೆಡಾನ್ ಖರೀದಿ: ಹತ್ತು ಲಕ್ಷದ ಗೆರೆ ಗಮನದಲ್ಲಿರಲಿ

ಈಸೂರು, ಶಿಕಾರಿಪುರ, ಸೊರಬ ಭಾಗದ ಮಧ್ಯಮ ವರ್ಗದ ಕುಟುಂಬಗಳು ಸೆಡಾನ್ ಕೊಳ್ಳುವಾಗ ಷೋರೂಂ ಬೆಲೆಯನ್ನಷ್ಟೇ ನೋಡಿದರೆ ಸಾಲದು. ತೆರಿಗೆ, ವಿಮೆ, ನೋಂದಣಿ ಸೇರಿದ ಒಟ್ಟು ಮೊತ್ತವನ್ನು ಲಿಖಿತವಾಗಿ ಪಡೆಯುವುದು ಒಳಿತು.

ನಾಲ್ಕು ಮೀಟರ್ ಉದ್ದ ಹಾಗೂ 1200 ಸಿಸಿ ಮೀರದ ಪೆಟ್ರೋಲ್ ಕಾರುಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿಯಿತು. ದೊಡ್ಡ ಕಾರುಗಳಿಗೆ ಅದು ಶೇ 40. ಮಾರುತಿ ಡಿಜೈರ್, ಹೋಂಡಾ ಅಮೇಜ್, ಹುಂಡೈ ಔರಾ, ಟಾಟಾ ಟಿಗೋರ್ ಕಡಿಮೆ ದರದ ವ್ಯಾಪ್ತಿಯಲ್ಲಿವೆ.

ರಾಜ್ಯದ ಜೀವಾವಧಿ ತೆರಿಗೆ ಬೇರೆ. 5ರಿಂದ 10 ಲಕ್ಷ ರೂ. ಬೆಲೆಯ ಕಾರಿಗೆ ಶೇ 14, ಹತ್ತು ಲಕ್ಷ ದಾಟಿದರೆ ಶೇ 17. ಸೆಸ್ ಪ್ರತ್ಯೇಕ. 9.5 ಲಕ್ಷದ ಕಾರಿಗೆ 1,33,000 ರೂ. ತೆರಿಗೆಯಾದರೆ, 10.5 ಲಕ್ಷದ್ದಕ್ಕೆ 1,78,500 ರೂ. ಆಗುತ್ತದೆ. ಸನ್‌ರೂಫ್‌ನಂಥ ಆಕರ್ಷಣೆಗೆ ಮರುಳಾಗಿ ಈ ಗೆರೆ ದಾಟಿದವರು ಎರಡು ಬಾರಿ ಹಣ ತೆತ್ತಂತೆ.

ಮಳೆಗಾಲದಲ್ಲಿ ಹದಗೆಡುವ ಹಳ್ಳಿ ರಸ್ತೆಗೆ ನೆಲದಿಂದ ಕಾರಿನ ತಳದ ಎತ್ತರ ಮುಖ್ಯ. ಡಿಜೈರ್‌ನಲ್ಲಿ ಇದು 163 ಮಿ.ಮೀ., ಅಮೇಜ್‌ನಲ್ಲಿ 172 ಮಿ.ಮೀ. ಐವರನ್ನೂ ಕೂರಿಸಿಕೊಂಡು ಹಳ್ಳಿ ರಸ್ತೆಯಲ್ಲೇ ಓಡಿಸಿ ನೋಡಬೇಕು. ಸಿಎನ್‌ಜಿ ಮಾದರಿಯಲ್ಲಿ ಡಿಕ್ಕಿಯ ಜಾಗ ಕಡಿಮೆಯಾಗುತ್ತದೆ. ಇಂಧನ ಎಲ್ಲಿ ಸಿಗುತ್ತದೆಂದು ಮೊದಲೇ ತಿಳಿಯಬೇಕು.

ಅಡಿಕೆ, ಮೆಕ್ಕೆಜೋಳದ ಹಣ ಸುಗ್ಗಿಯಲ್ಲಷ್ಟೇ ಕೈಸೇರುವ ರೈತರು ಮಾಸಿಕ ಕಂತಿಗೆ ಸಹಿ ಹಾಕುವ ಮುನ್ನ, ಅರ್ಧವಾರ್ಷಿಕ ಕಂತಿನ ಸೌಲಭ್ಯವಿದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸುವುದು ಲೇಸು.