ಮೊಯಾಮೊಯಾ: ಧಮನಿಯ ಉಬ್ಬು, ಮೆದುಳಿನ ರಕ್ತಸ್ರಾವ

ಮೊಯಾಮೊಯಾ ಅಪರೂಪದ ಕಾಯಿಲೆ. ಕುತ್ತಿಗೆಯಿಂದ ಮೆದುಳಿಗೆ ರಕ್ತ ಒಯ್ಯುವ ಧಮನಿಗಳು ತಲೆಬುರುಡೆಯೊಳಗೆ ಕ್ರಮೇಣ ಕಿರಿದಾಗುತ್ತವೆ. ಕೊರತೆ ತುಂಬಲು ಮೆದುಳಿನ ಬುಡದಲ್ಲಿ ಕೂದಲೆಳೆಯಂಥ ನಾಳಗಳ ಜಾಲ ಬೆಳೆಯುತ್ತದೆ. ಆಂಜಿಯೋಗ್ರಾಂನಲ್ಲಿ ಅದು ಹೊಗೆಯಂತೆ ಕಂಡದ್ದರಿಂದ ಜಪಾನಿನ ವೈದ್ಯರಾದ ಸುಜುಕಿ ಮತ್ತು ತಾಕಾಕು 1969ರಲ್ಲಿ ಈ ಹೆಸರನ್ನಿತ್ತರು.

ರಕ್ತಸ್ರಾವ ಮಕ್ಕಳಿಗಿಂತ ವಯಸ್ಕರಲ್ಲೇ ಹೆಚ್ಚು. ಒತ್ತಡ ತಾಳದೆ ತೆಳುನಾಳಗಳು ಒಡೆಯಬಹುದು; ಇಲ್ಲವೇ ನಾಳದ ಗೋಡೆ ಗುಳ್ಳೆಯಂತೆ ಉಬ್ಬಿ ಸಿಡಿಯಬಹುದು. ಈ ಉಬ್ಬೇ ಅನ್ಯೂರಿಸಂ. ಒಮ್ಮೆ ನಿಂತ ಸ್ರಾವ ವರ್ಷಗಳ ನಂತರವೂ ಮರುಕಳಿಸಬಲ್ಲದೆಂಬುದೇ ಆತಂಕದ ಸಂಗತಿ.

ನೆತ್ತಿಯ ಧಮನಿಯನ್ನು ಮೆದುಳಿನ ಧಮನಿಗೆ ಜೋಡಿಸುವ ಬೈಪಾಸ್‌ ಶಸ್ತ್ರಚಿಕಿತ್ಸೆ ಜಾಲದ ಹೊರೆ ಇಳಿಸುತ್ತದೆ. ಆ ಬಳಿಕ ಜಾಲದಲ್ಲಿನ ಉಬ್ಬು ತಾನಾಗಿ ಮಾಯವಾದದ್ದೂ ಉಂಟು. ರಕ್ತಸ್ರಾವವಾಗಿದ್ದ 80 ವಯಸ್ಕರ ಕುರಿತ ಜಪಾನಿ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅದರಂತೆ ಮರುಸ್ರಾವದ ವಾರ್ಷಿಕ ಪ್ರಮಾಣ ಬೈಪಾಸ್‌ ಆದವರಲ್ಲಿ ಶೇ 2.7, ಆಗದವರಲ್ಲಿ ಶೇ 7.6.